ಹೆಬ್ಬೆರಳಿನ ಉತ್ತರ

ನಮ್ಮ ಮನೆಯವರ ಮೊಬೈಲಿಗೆ ಹಲಸಿನ ಮೇಣ ಮೆತ್ತಿಕೊಂಡಿದೆ. ಭಾನುವಾರದಿಂದ ತೆಂಗಿನೆಣ್ಣೆ ಹಾಕಿ ಉಜ್ಜುತ್ತಿದ್ದಾರೆ. ಉಜ್ಜಲಿ, ನನಗೇನೂ ಕನಿಕರವಿಲ್ಲ. ಸಿದ್ಧಕಟ್ಟೆಯಲ್ಲಿ ನಮ್ಮದು ಪುಟ್ಟ ಮನೆ. ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ಮುಂಬದಿಯ ಚಾವಡಿಗೆ ಕೇಳುತ್ತದೆ. ಆ ಚಾವಡಿಯಲ್ಲಿ ಕುಳಿತು ಈ ಮನುಷ್ಯ ನನಗೆ 'ಚಹಾ' ಎಂದು ವಾಟ್ಸಾಪ್ ಮಾಡುತ್ತಾರೆ. ಕರೆದರೆ ಬಾಯಿ ಸವೆಯುತ್ತದೆಯೇ, ನೀವೇ ಹೇಳಿ.

ಚಹಾ ಹಾಳಾಗಿ ಹೋಗಲಿ. ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿರುವ ಇವರ ಅಕ್ಕನ ವಿಷಯ ಹಾಗಲ್ಲ. ಅವರಿಗೆ ಹೊಟ್ಟೆಯ ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದರು. 'ನನಗೆ ಹೆದರಿಕೆ ಆಗ್ತದೆ' ಎಂದು ಅಕ್ಕ ಕುಟುಂಬದ ಗ್ರೂಪಿನಲ್ಲಿ ಬರೆದರು. ಒಡಹುಟ್ಟಿದವರೆಂದು ಅವರಿಗೆ ಉಳಿದಿರುವುದು ಇವರೊಬ್ಬರೇ. ಇವರು ಕಳಿಸಿದ ಉತ್ತರ ಏನು ಗೊತ್ತೇ? ಎತ್ತಿದ ಹೆಬ್ಬೆರಳು! ಅಕ್ಕ ಆ ಕ್ಷಣವೇ ಗ್ರೂಪ್ ಬಿಟ್ಟರು. ನಾನು ಫೋನ್ ಮಾಡಿದರೆ, "ಆಪರೇಷನ್ನೂ ಬೇಡ, ಎಂಥದ್ದೂ ಬೇಡ. ನಾನು ಇದ್ದು ಯಾರಿಗೆ ಆಗಬೇಕಾದ್ದುಂಟು?" ಎಂದು ಇಟ್ಟುಬಿಟ್ಟರು.

"ಮೆಸೇಜ್ ನೋಡಿದ್ದೇನೆ ಅಂತ ತಿಳಿಸಿದ್ದು ಮಾರಾಯ್ತಿ. ಅದರಲ್ಲಿ ತಪ್ಪೇನುಂಟು?" ಎಂದರು ಇವರು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಮ್ಮ ಅತ್ತೆ, ಅಂದರೆ ಇವರಮ್ಮ, ಇದ್ದಿದ್ದರೆ ಇಷ್ಟು ಬೆಳೆಯುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕನಿಗೂ ನನಗೂ ಒಂದು ಸೀರೆಯ ವಿಷಯದಲ್ಲಿ ಮಾತು ಬಿಟ್ಟುಹೋಗಿತ್ತು. ತಪ್ಪು ಯಾರದೆಂದು ಈಗ ನೆನಪಿಲ್ಲ. ಸೀರೆಯ ಬಣ್ಣ ಮಾತ್ರ ಚೆನ್ನಾಗಿ ನೆನಪಿದೆ. ಅತ್ತೆ ನ್ಯಾಯ ಕೇಳಲಿಲ್ಲ. ದೊಡ್ಡದೊಂದು ಹಲಸಿನಕಾಯಿ ಸೀಳಿ ಇಬ್ಬರ ನಡುವೆ ಇಟ್ಟು, "ಹಪ್ಪಳಕ್ಕೆ ಸೊಳೆ ಬಿಡಿಸಿ" ಎಂದು ಹೊರಟೇಹೋದರು. ಕೈಗೆ ಮೇಣ ಹಿಡಿದ ಮೇಲೆ ಎದ್ದು ಹೋಗುವುದೆಲ್ಲಿಗೆ? ಬಾಗಿಲು ಮುಟ್ಟುವ ಹಾಗಿಲ್ಲ, ಸೆರಗು ಮುಟ್ಟುವ ಹಾಗಿಲ್ಲ. ಅರ್ಧ ಕಾಯಿ ಆಗುವಷ್ಟರಲ್ಲಿ ಬೈದುಕೊಂಡೆವು, ಪೂರ್ತಿ ಆಗುವಷ್ಟರಲ್ಲಿ ನಗುತ್ತಿದ್ದೆವು.

ಈಗ ಎದುರುಬದುರು ಮಾತಾಡುವುದನ್ನು ಕಲಿಸಲು ಮೂಡುಬಿದಿರೆಯಲ್ಲಿ ಶಿಬಿರ ಮಾಡುತ್ತಾರಂತೆ. ಪಕ್ಕದ ಮನೆಯ ಹುಡುಗಿ ಹೋಗಿ ಬಂದು, "ಮುಖ ನೋಡಿ ಮಾತಾಡ್ಬೇಕು ಆಂಟಿ" ಎಂದು ನನಗೆ ಹೇಳಿಕೊಟ್ಟಳು, ಮೊಬೈಲ್ ನೋಡುತ್ತಾ. ನಾನು ಶಿಬಿರಕ್ಕೆ ಕಾಯಲಿಲ್ಲ.

ಭಾನುವಾರ ಹಲಸಿನಕಾಯಿಯೊಂದನ್ನು ಗೋಣಿಗೆ ಹಾಕಿ, ಇವರ ಹೆಗಲಿಗೇರಿಸಿ, ಬಸ್ಸು ಹತ್ತಿಸಿ, ನಾನೂ ಹತ್ತಿದೆ. ಬೆಳ್ತಂಗಡಿ ತನಕ ಇವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಕ್ಕನ ಜಗಲಿಯಲ್ಲಿ ಇಬ್ಬರೂ ಒಂದೊಂದು ಮೊಬೈಲ್ ಹಿಡಿದು ಗುಮ್ಮನ ಹಾಗೆ ಕುಳಿತರು. ಕಾಯಿ ಸೀಳಿ ನಡುವೆ ಇಟ್ಟು, ಅತ್ತೆಯ ಹಾಗೆಯೇ ಸೊಳೆ ಬಿಡಿಸಲು ಹೇಳಿ ನಾನು ಒಳಗೆ ಹೋದೆ. ಒಳಗೆಂದರೆ ಬಾಗಿಲ ಹಿಂದೆ. ಕೇಳಿಸಬೇಕಲ್ಲ!

ಸ್ವಲ್ಪ ಹೊತ್ತಿಗೆ ಇವರ ಮೊಬೈಲ್ ಟಿಣ್ ಎಂದಿತು. ಮೇಣದ ಕೈಯಲ್ಲೇ ತೆಗೆದರು.

"ಇಡು ಅದನ್ನು!" ಅಕ್ಕ ಗದರಿದರು. "ಸಾಯ್ತೇನೋ ಏನೋ ಅಂತ ನಾನು ಹೆದರಿ ಕೂತಿದ್ದೇನೆ, ನೀನು ಬೆರಳು ತೋರಿಸುದಾ?"

ಇವರು ಮೊಬೈಲ್ ಕೆಳಗಿಟ್ಟರು. ತಲೆ ತಗ್ಗಿಸಿ ಸೊಳೆ ಬಿಡಿಸುತ್ತಲೇ ಇದ್ದರು. ಕೈ ನಿಲ್ಲಿಸದೆ ಹೇಳಿದರು: "ನನಗೂ ಹೆದರಿಕೆಯೇ ಅಕ್ಕ. ಎಂತ ಬರೆಯುದು ಅಂತ ಗೊತ್ತಾಗ್ಲಿಲ್ಲ. ನೀನು ಆಪರೇಷನ್ ಮಾಡಿಸು. ನಾನು ಬಾಗಿಲ ಹೊರಗೇ ಕೂತಿರ್ತೇನೆ."

ಅಕ್ಕ ಮೂಗೆಳೆದುಕೊಂಡದ್ದು ಕೇಳಿಸಿತು. "ಊಟ ಬಿಟ್ಟು ಕೂತ್ಕೊಳ್ಬೇಡ ಮತ್ತೆ. ನಿನಗೆ ಗ್ಯಾಸ್ಟ್ರಿಕ್ ಉಂಟು."

ಮರಳುವಾಗ ಬಸ್ಸಿನಲ್ಲಿ ಇವರನ್ನು ಚೆನ್ನಾಗಿ ಝಾಡಿಸಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಇವರೇ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ಅಕ್ಕ ಎಷ್ಟು ಸಪೂರ ಆಗಿದ್ದಾಳೆ ಮಾರಾಯ್ತಿ, ಬರೀ ಎಲುಬು. ಗ್ರೂಪಿನಲ್ಲಿ ಅಷ್ಟು ಫೋಟೋ ನೋಡಿದ್ದೆ. ಗೊತ್ತೇ ಆಗ್ಲಿಲ್ಲ."

ನಾಡಿದ್ದು ಆಪರೇಷನ್. ಇಷ್ಟು ದಿನ ಇವರನ್ನು ಬೈಯುವುದರಲ್ಲೇ ಇದ್ದೆ. ಈಗ ನನಗೂ ಹೆದರಿಕೆಯಾಗುತ್ತಿದೆ. ನಿಮಗೆ ಹೇಳಿದೆ. ಇನ್ನು ಎದ್ದುಹೋಗಿ, ಇವರ ಪಕ್ಕದಲ್ಲಿ ಕುಳಿತು, ಇವರಿಗೂ ಹೇಳಬೇಕು.