ನನ್ನ ಸೀಟನ್ನು ಬಿಟ್ಟುಕೊಟ್ಟವರು

ಬೇರೆ ಯಾವುದೋ ವಿಷಯದಲ್ಲಿ ಪದವಿ ಪಡೆದವರು ಈ ದೇಶದಲ್ಲಿ ನರ್ಸ್ ಆಗಬೇಕೆಂದರೆ ಮೂರು ದಾರಿಗಳಿವೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಅದನ್ನು ಹೇಳದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಅರ್ಥವಾಗದವರು ಅದನ್ನು ಹಟ ಎಂದು ಕರೆಯುತ್ತಾರೆ. ಕರೆದಿದ್ದಾರೆ.

ಕಮ್ಯುನಿಟಿ ಕಾಲೇಜು, ಅಂದರೆ ಕಡಿಮೆ ಫೀಸಿನ ಸ್ಥಳೀಯ ಸಾರ್ವಜನಿಕ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮಾಡಬಹುದು. ಇಲ್ಲವೇ, ಆಗಲೇ ಒಂದು ಡಿಗ್ರಿ ಇರುವವರಿಗೆಂದೇ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಅವಧಿಯ ಒಂದು ಬ್ಯಾಚುಲರ್ಸ್ ಇದೆ. ಅದರ ಓಟ ಎಷ್ಟು ಜೋರೆಂದರೆ, ಜೊತೆಗೆ ಕೆಲಸ ಇಟ್ಟುಕೊಳ್ಳಬೇಡಿ ಎಂದು ಕಾಲೇಜಿನವರೇ ಹೇಳುತ್ತಾರೆ. ಅದನ್ನು ನಾನು ಬೇಗನೆ ಕೈಬಿಟ್ಟೆ. ಮೂರನೆಯದು, ನರ್ಸಿಂಗ್ ಓದಿಲ್ಲದವರನ್ನೂ ನೇರವಾಗಿ ಸೇರಿಸಿಕೊಳ್ಳುವ ಮಾಸ್ಟರ್ಸ್. ಇವುಗಳಲ್ಲಿ ಯಾವುದನ್ನು ಮುಗಿಸಿದರೂ ಕೊನೆಗೆ ಬರೆಯುವುದು ಒಂದೇ ಲೈಸೆನ್ಸ್ ಪರೀಕ್ಷೆ. ಮಾಸ್ಟರ್ಸ್ ಮಾಡಿದವಳಿಗೆ ಬೇರೆ ಪ್ರಶ್ನೆಪತ್ರಿಕೆ ಇಲ್ಲ.

ನನ್ನ ಮೊದಲ ಪದವಿ ದಾವಣಗೆರೆಯಲ್ಲಿ ಓದಿದ ಜವಳಿ ಎಂಜಿನಿಯರಿಂಗ್. ಇಷ್ಟಪಟ್ಟೇ ಓದಿದ್ದೆ. ಮದುವೆಯಾಗಿ ಮಿಶಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ಗೆ ಬಂದ ಮೇಲೆ ಆ ಓದಿಗೆ ಇಲ್ಲಿ ಕೆಲಸವಿರಲಿಲ್ಲ. ಇದು ಕಾರುಗಳ ಊರು. ಮೈಸೂರಿನವನಾದ ನನ್ನ ಗಂಡನೂ ಕಾರು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ನನಗೆ ಕೆಲಸದ ಪರವಾನಗಿ ಬಂದಾಗ ಒಂದು ಚಿಕ್ಕ ತರಬೇತಿ ಮುಗಿಸಿ, ವೃದ್ಧರನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿದೆ. ಸ್ನಾನ ಮಾಡಿಸುವುದು, ಬಟ್ಟೆ ಬದಲಾಯಿಸುವುದು, ಮಲಗಿದಲ್ಲೇ ಇರುವವರನ್ನು ಮಗ್ಗುಲಾಗಿಸುವುದು, ಊಟ ಮಾಡಿಸುವುದು ನನ್ನ ಕೆಲಸ. ಇದನ್ನು ಗಂಡನ ಮನೆಯವರಿಗೆ ನಾವು 'ಹಾಸ್ಪಿಟಲ್ ಸೈಡ್ ಕೆಲಸ' ಎಂದು ಹೇಳಿದ್ದೆವು. ಆ ಮಾತನ್ನು ಹುಡುಕಿಕೊಟ್ಟವನು ಅವನು.

ಅಲ್ಲಿ ಒಬ್ಬ ಅಜ್ಜಿ ಇದ್ದಳು. ನಾನು ಕಿಟಕಿಯ ಪರದೆ ಸರಿಸಿದ ಕೂಡಲೇ ಹೊರಗಿನ ಚಳಿಯನ್ನು ಬೈಯುವುದು ಆಕೆಯ ರೂಢಿ. ಒಂದು ಬೆಳಿಗ್ಗೆ ಆಕೆ ಬೈಯಲಿಲ್ಲ. ಮುಖ ಒರೆಸುವಾಗ ಉಸಿರು ಬೇರೆ ಥರ ಕೇಳಿಸಿತು. ನಾನು ತಕ್ಷಣ ನರ್ಸ್ ಅನ್ನು ಕರೆದೆ. ಆಕೆ ಬಂದು, ನೋಡಿ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ನನ್ನನ್ನು ಮೂರು ನಾಲ್ಕು ಪ್ರಶ್ನೆ ಕೇಳಿದಳು. ಒಂದಕ್ಕೂ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. 'ಬೇರೆ ಥರ ಇದೆ' ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಅಜ್ಜಿಯನ್ನು ಆಂಬ್ಯುಲೆನ್ಸ್‌ನಲ್ಲಿ ಕರೆದುಕೊಂಡು ಹೋದರು, ಆಕೆ ಮರಳಿ ಬರಲಿಲ್ಲ. ನನ್ನಿಂದ ತಪ್ಪಾಗಿರಲಿಲ್ಲ, ಎಲ್ಲರೂ ಹಾಗೆಯೇ ಹೇಳಿದರು. ಆದರೂ ಆ ದಿನ ಸಂಜೆ ಕಾರಿನಲ್ಲಿ ಕೂತು, ನರ್ಸ್ ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಚೀಟಿಯಲ್ಲಿ ಬರೆದುಕೊಂಡೆ. ಕಣ್ಣೆದುರಿಗಿದ್ದದ್ದನ್ನು ನೋಡಿದ್ದೆ, ನೋಡಿದ್ದು ಏನು ಎಂದು ತಿಳಿದಿರಲಿಲ್ಲ. ಅದನ್ನು ತಿಳಿಯಬೇಕು, ರೋಗಿಯ ಪಕ್ಕದಲ್ಲೇ ನಿಂತು ತಿಳಿಯಬೇಕು ಎಂದು ತೀರ್ಮಾನಿಸಿದ್ದು ಅಂದು.

ಮುಂದಿನ ಒಂದೂವರೆ ವರ್ಷ ಸಂಜೆಯ ತರಗತಿಗಳಲ್ಲಿ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಅಂಕಿಅಂಶಶಾಸ್ತ್ರ ಓದಿದೆ. ಇವಿಲ್ಲದೆ ಯಾವ ದಾರಿಯೂ ತೆರೆಯುವುದಿಲ್ಲ. ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೋಗಿ ವಿಚಾರಿಸಿದೆ. ಅಲ್ಲಿ ಮೊದಲ ತಿಂಗಳಲ್ಲೇ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದೊಯ್ಯುತ್ತಾರೆ, ಒಬ್ಬ ಶಿಕ್ಷಕಿಯ ಹಿಂದೆ ಕೆಲವೇ ಮಂದಿ. ವಾರಾಂತ್ಯದಲ್ಲಿ ನನ್ನ ಕೆಲಸವನ್ನೂ ಮಾಡಬಹುದಿತ್ತು. ಮಾಸ್ಟರ್ಸ್ ಶಿಕಾಗೋದಲ್ಲಿತ್ತು. ಅದಕ್ಕೂ ಅರ್ಜಿ ಹಾಕಿದೆ, 'ಒಂದು ಬ್ಯಾಕಪ್ ಇರ್ಲಿ' ಎಂದು ಗಂಡ ಹೇಳಿದ್ದರಿಂದ. ಅದು ಕೆಟ್ಟ ಕೋರ್ಸ್ ಅಲ್ಲ, ಹಾಗೆಂದು ನಾನು ಯಾವತ್ತೂ ಹೇಳಿಲ್ಲ. ಆದರೆ ನಾನು ನೋಡಿದ ಆ ಕೋರ್ಸಿನಲ್ಲಿ ಮೊದಲ ಭಾಗವೆಲ್ಲ ಪುಸ್ತಕ ಮತ್ತು ಲ್ಯಾಪ್‌ಟಾಪ್. ರೋಗಿ ಬರುವುದು ಆಮೇಲೆ. ಜೊತೆಗೆ ಗಂಡನ ಅಕ್ಕನ ಮನೆಯಲ್ಲಿ ಇರಬೇಕಿತ್ತು. ಅವಧಿಯೂ ಹೆಚ್ಚುಕಡಿಮೆ ಎರಡೇ ವರ್ಷ.

ಎರಡೂ ಕಡೆ ಸೀಟು ಸಿಕ್ಕಿತು. ಅದನ್ನು ನನಗೆ ತಿಳಿಸಿದವನು ಗಂಡ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಂಥ ಮನೆಗಳಲ್ಲಿ ವೀಸಾ ಗಂಡನ ಹೆಸರಿನಲ್ಲಿ ಬರುತ್ತದೆ, ಹೆಂಡತಿ ಅದರಲ್ಲಿ 'ಡಿಪೆಂಡೆಂಟ್'. ವಿಮಾನ ಇಳಿದ ದಿನದಿಂದ ನನ್ನ ಎಲ್ಲ ಅರ್ಜಿಗಳನ್ನು ತುಂಬಿದವನು ಅವನೇ. ತೆರಿಗೆ, ವಿಮೆ, ಡ್ರೈವಿಂಗ್ ಲೈಸೆನ್ಸ್, ಎಲ್ಲಕ್ಕೂ ಅವನ ಇಮೇಲ್, ಅವನು ಇಟ್ಟ ಪಾಸ್‌ವರ್ಡ್. ನಮ್ಮ ಅಪಾರ್ಟ್‌ಮೆಂಟಿನ ಸುತ್ತಮುತ್ತಲಿನ ಕನ್ನಡದ ಹೆಂಗಸರನ್ನು ಕೇಳಿ ನೋಡಿ, ಅರ್ಧಕ್ಕರ್ಧ ಮನೆಗಳಲ್ಲಿ ಹೀಗೆಯೇ. ಯಾರೂ ಇದನ್ನು ಬೀಗ ಎಂದುಕೊಳ್ಳುವುದಿಲ್ಲ, ಅನುಕೂಲ ಎಂದುಕೊಳ್ಳುತ್ತಾರೆ. ಕಾಲೇಜಿನ ಅರ್ಜಿಗಳಲ್ಲೂ ಅದೇ ಇಮೇಲ್ ಹೋಗಿತ್ತು.

"ನಾನು ಕಮ್ಯುನಿಟಿ ಕಾಲೇಜಿಗೇ ಹೋಗ್ತೀನಿ," ಎಂದು ಅವನಿಗೆ ಹೇಳಿದೆ.

"ಸರಿ, ಯೋಚನೆ ಮಾಡೋಣ. ಇನ್ನೂ ಟೈಮ್ ಇದೆ," ಎಂದ.

ಅದಾದ ಮೇಲೆ ಯುಗಾದಿ ಬಂತು. ಹಬ್ಬ ವಾರದ ಮಧ್ಯೆ ಬಿದ್ದಿದ್ದರಿಂದ ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ಅವನ ಅಕ್ಕ ಶನಿವಾರ ಊಟಕ್ಕೆ ಕರೆದರು. ನಾವು ಬೆಳಿಗ್ಗೆ ಹೊರಟು, ಶಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಇರುವುದರಿಂದ ಪೂಜೆಯ ಹೊತ್ತಿಗೇ ತಲುಪಿದೆವು. ಅಕ್ಕ ಒಳ್ಳೆಯವರು. ನನ್ನನ್ನು ಕಂಡಾಗಲೆಲ್ಲ ಇಳಿದುಹೋಗಿದ್ದೀಯ ಎಂದು ಗದರಿ, ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕುವವರು. ಅವರ ಹೈಸ್ಕೂಲಿನ ಮಗಳು ಇದ್ದಳು. ಅವರ ಬೀದಿಯಲ್ಲೇ ಇರುವ, ಕೆಲಸದಿಂದ ನಿವೃತ್ತರಾದ ಹೃದಯದ ಡಾಕ್ಟರ್ ಒಬ್ಬರು ಬಂದಿದ್ದರು. ಅವರನ್ನು ಎಲ್ಲರೂ ಡಾಕ್ಟರ್ ಅಂಕಲ್ ಎನ್ನುತ್ತಾರೆ.

ಊಟವಾದ ಮೇಲೆ ಅಕ್ಕ ಫ್ರಿಜ್‌ನಿಂದ ಒಂದು ಕೇಕ್ ತಂದರು. ಮೊಟ್ಟೆ ಹಾಕದ್ದು. ಅದರ ಮೇಲೆ ನೀಲಿ ಕ್ರೀಮಿನಲ್ಲಿ ಅಭಿನಂದನೆ, ಕೆಳಗೆ ದೊಡ್ಡದಾಗಿ 'ಮಾಸ್ಟರ್ಸ್' ಎಂದು ಬರೆಸಿದ್ದರು. ಯಾರದೋ ಮಗಳಿಗಿರಬೇಕು ಎಂದುಕೊಂಡು ನಾನು ಚಪ್ಪಾಳೆ ತಟ್ಟಲು ಕೈಯೆತ್ತಿದೆ.

"ಬಾರೇ, ಕಟ್ ಮಾಡು. ನಿಂದೇ ಇದು," ಎಂದರು.

"ನಂದಾ ಅತ್ತಿಗೆ?"

"ಮತ್ತೆ? ಈ ವಯಸ್ಸಲ್ಲಿ ನಾನು ಮಾಸ್ಟರ್ಸ್ ಮಾಡ್ಲಾ?"

ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆನೇನೋ. "ನಾನಿನ್ನೂ ಯಾವುದಕ್ಕೂ ಹೂಂ ಅಂದಿಲ್ಲ ಅತ್ತಿಗೆ. ಕಾಲೇಜಿನವರಿಗೆ ಉತ್ತರ ಕೊಡೋಕೆ ಇನ್ನೂ ವಾರ ಇದೆ."

"ಅದೆಲ್ಲ ಮುಗೀತು," ಎಂದ ನನ್ನ ಗಂಡ. ಅವನ ಮುಖದಲ್ಲಿ ಸಂತೋಷವಿತ್ತು. ಅದನ್ನು ಬರೆಯಲೇಬೇಕು, ಯಾಕೆಂದರೆ ಅದು ನಿಜವಾದ ಸಂತೋಷವಾಗಿತ್ತು. "ಆ ಕಮ್ಯುನಿಟಿ ಕಾಲೇಜ್ ಸೀಟ್‌ನ ಮೊನ್ನೆನೇ ಡಿಕ್ಲೈನ್ ಮಾಡ್ಬಿಟ್ಟೆ. ಶಿಕಾಗೋದು ಅಕ್ಸೆಪ್ಟ್ ಮಾಡಿದೀನಿ. ಅಕ್ಕನೂ ಅಂಕಲ್ಲೂ ಅದೇ ಬೆಸ್ಟ್ ಅಂದ್ರು. ಸರ್‌ಪ್ರೈಸ್ ಇರ್ಲಿ ಅಂತ ಹೇಳಿರ್ಲಿಲ್ಲ."

"ಗುಡ್ ಡಿಸಿಷನ್ ಕಣಮ್ಮಾ," ಎಂದರು ಡಾಕ್ಟರ್ ಅಂಕಲ್. "ಸ್ವಲ್ಪ ದಿನ ವಾರ್ಡಲ್ಲಿರು, ಆಮೇಲೆ ಮ್ಯಾನೇಜ್‌ಮೆಂಟ್‌ಗೆ ಹೋಗ್ಬಿಡು. ಬೆಡ್‌ಪ್ಯಾನ್ ಎತ್ತೋಕೆ ಬೇರೆ ಜನ ಇರ್ತಾರೆ."

"ಆ ಬೇರೆ ಜನ ನಾನೇ ಅಂಕಲ್. ಮೊನ್ನೆ ಗುರುವಾರನೂ ಎತ್ತಿದೀನಿ."

ಅವರು ಕಾಫಿ ಲೋಟದ ಕಡೆ ನೋಡಿದರು. ಅಕ್ಕನ ಮಗಳು ಫೋನಿನಿಂದ ತಲೆಯೆತ್ತಿ, "ವೇಟ್, ಮಾಮ, ಶಿ ಡಿಡಂಟ್ ನೋ?" ಎಂದಳು.

"ನೀನು ಸುಮ್ನಿರು, ದೊಡ್ಡೋರ ಮಾತು," ಎಂದರು ಅಕ್ಕ.

ನಾನು ಗಂಡನನ್ನು ಮನೆಯಲ್ಲಿ ನೀನು ಎನ್ನುತ್ತೇನೆ, ಅವನ ಕಡೆಯವರ ಮುಂದೆ ನೀವು ಎನ್ನುತ್ತೇನೆ. ಮದುವೆಯಾದಾಗಿನಿಂದ ತಪ್ಪಿರಲಿಲ್ಲ. ಅಂದು, "ನನ್ನನ್ನ ಕೇಳ್ದೆ ಯಾಕೆ ಮಾಡ್ದೆ ನೀನು?" ಎಂದೆ. ಧ್ವನಿ ಜೋರಾಗಿರಲಿಲ್ಲ. ಆದರೂ ಅಕ್ಕನ ಕೈಯಲ್ಲಿದ್ದ ಚಾಕು ಕೇಕಿನ ಮೇಲೆ ಹಾಗೆಯೇ ನಿಂತಿತು.

"ಬಿಡೇ, ಒಳ್ಳೇದೇ ಮಾಡಿದಾನಲ್ಲ," ಎಂದರು. "ಅಸೋಸಿಯೇಟ್ ಅಂದ್ರೆ ನಮ್ಮ ಕಡೆ ಡಿಪ್ಲೊಮಾ ಇದ್ದಂಗೆ. ಬಿ.ಇ. ಮಾಡಿ ಡಿಪ್ಲೊಮಾಕ್ಕೆ ಯಾರಾದ್ರೂ ಇಳೀತಾರಾ? ಅಮ್ಮ ಮೈಸೂರಲ್ಲಿ ನಾಲ್ಕು ಜನಕ್ಕೆ ಏನಂತ ಹೇಳ್ಕೋಬೇಕು?"

ಮೈಸೂರಿನ ಆ ನಾಲ್ಕು ಜನರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಅವರು ಯಾರೂ ಸ್ಟರ್ಲಿಂಗ್ ಹೈಟ್ಸ್‌ಗೆ ಬಂದು ಆ ಅಜ್ಜಿಯ ಉಸಿರು ಕೇಳಿದವರಲ್ಲ. ಕೇಕನ್ನು ಅಕ್ಕನೇ ಕತ್ತರಿಸಿ ಎಲ್ಲರಿಗೂ ಹಂಚಿದರು, ನನಗೂ ಒಂದು ತುಂಡು ಬಂತು. ಅದರ ಮೇಲೆ ಅರ್ಧ ಅಕ್ಷರವಿತ್ತು. ತಿನ್ನಲಿಲ್ಲ.

ಹಿಂದಿರುಗುವಾಗ ಇಂಡಿಯಾನಾ ದಾಟಿ ಮಿಶಿಗನ್ನಿನ ಬೋರ್ಡು ಕಂಡ ಮೇಲೆ ಅವನೇ ಶುರುಮಾಡಿದ.

"ಎಲ್ಲರ ಮುಂದೆ ಹಂಗಾ ಮಾತಾಡೋದು? ನಾನೇನು ನಿಂಗೆ ಕೆಟ್ಟದ್ದು ಮಾಡಿದ್ನಾ?"

"ನಾನು ಏನು ಹೇಳಿದ್ದೆ ನಿಂಗೆ?"

"ಕಾಲೇಜಿಗೆ ಹೋಗ್ತೀನಿ ಅಂದಿದ್ದೆ. ಯೋಚನೆ ಮಾಡೋಣ ಅಂದಿದ್ನಲ್ಲ."

"ಯೋಚನೆ ಯಾರು ಮಾಡಿದ್ದು?"

"ನೋಡು, ಎರಡೂ ಮುಗಿಸಿದ್ರೆ ನೀನು ನರ್ಸೇ. ಅಷ್ಟೇ ಟೈಮಲ್ಲಿ ದೊಡ್ಡ ಡಿಗ್ರಿ ಸಿಗುತ್ತೆ ಅಂದ್ರೆ ಚಿಕ್ಕದು ಯಾಕೆ? ಇದು ಸಿಂಪಲ್ ಲಾಜಿಕ್ ಕಣೇ."

ಅವನ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಹೊತ್ತು ಹಿಡಿಯಿತು. ಹುಡುಕಿದ್ದು ಇಷ್ಟು: ಅದರಲ್ಲಿ ಎಲ್ಲವೂ ಇತ್ತು, ಕಲಿಯಬೇಕಾದವಳು ಇರಲಿಲ್ಲ. ಅದನ್ನು ಹೇಳಿದೆ. ಅವನು ರೇಡಿಯೋ ಹಾಕಿದ.

ಸೋಮವಾರ ಕಮ್ಯುನಿಟಿ ಕಾಲೇಜಿನ ನರ್ಸಿಂಗ್ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಪರದೆಯ ಮೇಲೆ ನನ್ನ ಹೆಸರು ಹುಡುಕಿ, ನೀವು ಸೀಟು ಬೇಡ ಎಂದಿದ್ದೀರಲ್ಲ ಎಂದಳು. ನಾನು ಅನ್ನಲಿಲ್ಲ, ನನ್ನ ಗಂಡ ನನ್ನನ್ನು ಕೇಳದೆ ಬಟನ್ ಒತ್ತಿದ್ದು ಎಂದೆ. ಈ ವಾಕ್ಯವನ್ನು ಇಂಗ್ಲಿಷಿನಲ್ಲಿ, ಅಪರಿಚಿತಳ ಮುಂದೆ, ಹಿಂದೆ ಜನ ಸಾಲುನಿಂತಿರುವಾಗ ಹೇಳುವುದು ಎಂಥ ಅವಮಾನ ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ. ಅವಳು ನನ್ನ ಮುಖ ನೋಡಿ ಧ್ವನಿ ತಗ್ಗಿಸಿದಳು. ಮನೆಯಲ್ಲಿ ನೀವು ಸುರಕ್ಷಿತವಾಗಿದ್ದೀರಾ ಎಂದು ಕೇಳಿದಳು. ಹೌದು ಎಂದೆ. ಅದು ಸತ್ಯವೇ. ಅವನು ಕೈಯೆತ್ತುವವನಲ್ಲ, ಕೂಗುವವನೂ ಅಲ್ಲ. ಅವನು ಬರೀ ನನ್ನ ಪರವಾಗಿ ಬಟನ್ ಒತ್ತುವವನು. ಅದಕ್ಕೆ ಅವಳ ಪ್ರಶ್ನೆಯಲ್ಲಿ ಜಾಗವಿರಲಿಲ್ಲ.

ಸೀಟು ಕಾಯುತ್ತಿದ್ದವರಲ್ಲಿ ಮುಂದಿನವರಿಗೆ ಹೋಗಿಯಾಗಿತ್ತು. ಅವರಿಂದ ಕಿತ್ತುಕೊಳ್ಳಲು ಬರುವುದಿಲ್ಲ ಎಂದಳು, ನಾನೂ ಕೇಳಲಿಲ್ಲ. ಚಳಿಗಾಲದಲ್ಲಿ ಇನ್ನೊಂದು ತಂಡ ಸೇರುತ್ತದೆ, ಹೊಸದಾಗಿ ಅರ್ಜಿ ಹಾಕಬಹುದು, ಆದರೆ ಭರವಸೆ ಕೊಡಲಾರೆ ಎಂದಳು. ಹೊಸ ಅರ್ಜಿಗೆಂದು ಅಲ್ಲೇ ನಿಂತು ಫೋನಿನಲ್ಲಿ ನನ್ನದೇ ಒಂದು ಇಮೇಲ್ ಮಾಡಿಕೊಂಡೆ. ಬಿ.ಇ. ಮಾಡಿದವಳು ಕೌಂಟರಿನ ಮುಂದೆ ನಿಂತು, ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ನನ್ನ ಪಾಸ್‌ವರ್ಡ್ ನಾನೇ ಯೋಚಿಸುತ್ತಿದ್ದೇನೆ ಎಂದು ಹೊಳೆದಾಗ ಬಂದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇತ್ತೇನೋ. ದೊಡ್ಡ ಪಾಲು ನನ್ನ ಮೇಲಲ್ಲ.

ಮನೆಯಲ್ಲಿ ಅವನಿಗೆ ಹೇಳಿದಾಗ, "ಸರಿ ಹಂಗಾದ್ರೆ. ಈಗ ಉಳಿದಿರೋದು ಶಿಕಾಗೋ ಒಂದೇ ಅಲ್ವಾ?" ಎಂದ. ಸಮಾಧಾನ ಮಾಡುವ ದನಿ. ಒಂದು ಬಾಗಿಲು ತಾನೇ ಮುಚ್ಚಿ, ತೆರೆದಿರುವುದು ಇದೊಂದೇ ಎಂದು ತೋರಿಸುತ್ತಿದ್ದ.

ಸಿಟ್ಟಿನಲ್ಲಿ ತೀರ್ಮಾನ ಮಾಡಬಾರದೆಂದು ಮೂರು ದಿನ ಬಿಟ್ಟೆ. ಕೆಲಸಕ್ಕೆ ಹೋದೆ, ಹೊಸದಾಗಿ ಬಂದ ತಾತನೊಬ್ಬನಿಗೆ ಶೇವ್ ಮಾಡಿದೆ, ಎರಡು ಕೋರ್ಸುಗಳ ಪಠ್ಯಕ್ರಮಗಳನ್ನು ಮತ್ತೆ ಪಕ್ಕಪಕ್ಕದಲ್ಲಿಟ್ಟು ಓದಿದೆ. ಶಿಕಾಗೋಗೆ ಹೋದರೆ ಬೇಗ ಶುರುವಾಗುತ್ತದೆ ಎನ್ನುವುದು ನಿಜ. ಹೋಗದಿದ್ದರೆ ಯಾವ ಸೀಟೂ ಇಲ್ಲದೆ ಉಳಿಯಬಹುದು ಎನ್ನುವುದೂ ನಿಜ. ಸಿಟ್ಟನ್ನು ಪಕ್ಕಕ್ಕಿಟ್ಟು ನೋಡಿದರೂ ನನಗೆ ಬೇಕಾದದ್ದು ಬದಲಾಗಿರಲಿಲ್ಲ. ಗುರುವಾರ ಊಟದ ವಿರಾಮದಲ್ಲಿ ಶಿಕಾಗೋದ ಕಾಲೇಜಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ. ಕಾರಣ ಹೇಳಬಹುದೇ ಎಂದು ಕೇಳಿದರು. ಅದನ್ನು ಆರಿಸಿದ್ದು ನಾನಲ್ಲ ಎಂದೆ.

ಸಂಜೆ ಹೇಳಿದಾಗ ಗಂಡ ಕೂಗಾಡಲಿಲ್ಲ. ಬಹಳ ಹೊತ್ತು ಸಿಂಕಿನ ಮುಂದೆ ನಿಂತು, ತೊಳೆದ ಪಾತ್ರೆಯನ್ನೇ ತೊಳೆದ. ಆಮೇಲೆ, "ಅಕ್ಕನಿಗೆ ನೀನೇ ಹೇಳು," ಎಂದ. ಫೋನಿನಲ್ಲಿ ಎಲ್ಲವನ್ನೂ, ಚಳಿಗಾಲದ ತಂಡದ ವಿಷಯವನ್ನೂ ಹೇಳಿದೆ.

"ರೂಮ್ ರೆಡಿ ಮಾಡಿದೀನಲ್ಲೇ," ಎಂದರು ಅಕ್ಕ. "ಹೊಸ ಮಂಚ ತರಿಸಿದೀನಿ. ಓದ್ಕೊಳೋಕೆ ಕಿಟಕಿ ಹತ್ರ ಟೇಬಲ್ ಹಾಕ್ಸಿದೀನಿ."

"ಗೊತ್ತಾಯ್ತು ಅತ್ತಿಗೆ. ಆದ್ರೆ ನನ್ನನ್ನ ಯಾರೂ ಕೇಳ್ಲಿಲ್ಲ."

ಆ ಕಡೆಯಿಂದ ಕುಕ್ಕರ್ ಕೂಗಿದ್ದು ಕೇಳಿಸಿತು. ಅದನ್ನು ಆರಿಸಿ ಬಂದು, ಮೊದಲ ಸಲ ಬೇರೆ ದನಿಯಲ್ಲಿ ಕೇಳಿದರು. "ಹಂಗಾದ್ರೆ ಚಳಿಗಾಲದಲ್ಲಿ ಸಿಗುತ್ತೇನೇ ನಿಂಗೆ?"

"ಗೊತ್ತಿಲ್ಲ ಅತ್ತಿಗೆ," ಎಂದೆ. "ಸಿಗದೇನೂ ಇರಬಹುದು."

ಇಬ್ಬರಲ್ಲಿ ಯಾರು ಮೊದಲು ಫೋನ್ ಇಟ್ಟದ್ದೋ ನೆನಪಿಲ್ಲ. ಮರುದಿನ ಬೆಳಗಿನ ಶಿಫ್ಟ್ ಇತ್ತು. ಯೂನಿಫಾರ್ಮ್ ಇಸ್ತ್ರಿ ಮಾಡಿ ಮಲಗಿದೆ. ಸಿಟ್ಟು ಇಳಿದಿರಲಿಲ್ಲ, ಇನ್ನೂ ಇಳಿದಿಲ್ಲ.