ಮೂಗಿನಲ್ಲಿ ಹಾಡುವವಳು

ಹಳೆಯ ಹಾಡುಗಳ ಅಭಿಮಾನಿಗಳ ಗುಂಪಿನಲ್ಲಿ ಇವತ್ತು ಬೆಳಿಗ್ಗೆ ಸುದ್ದಿ ಬಂತು, ಹಳೆಯ ಕಾಲದ ಗಾಯಕಿಯೊಬ್ಬರು ತೀರಿಕೊಂಡರಂತೆ. ಫೋಟೊ ನೋಡಿದೊಡನೆ ನನಗೆ ನೆನಪಾದದ್ದು ಶ್ರೀರಂಗಪಟ್ಟಣದ ನಮ್ಮ ಮನೆಯ ಅಡುಗೆಕೋಣೆಯ ಗೋಡೆ.

ಆ ಗೋಡೆಯಾಚೆ ಮೈಮೂನ್ ಚಾಚಿಯ ಮನೆ. ಚಾಚಿಗೆ ಈ ಗಾಯಕಿಯೆಂದರೆ ಪ್ರಾಣ, ಆದರೆ ರೇಡಿಯೊ ಇದ್ದದ್ದು ನಮ್ಮಲ್ಲಿ. ಅವ್ವನಿಗೆ ಇಷ್ಟವಾದವಳು ಬೇರೊಬ್ಬಳು. ಹಾಗಾಗಿ ದಿನವೂ ಜಗಳ.

"ನಿನ್ನೋಳು ಮೂಗ್ನಲ್ಲಿ ಹಾಡ್ತಾಳೆ ಕಣೇ!" ಎಂದು ಅವ್ವ ಕೂಗುತ್ತಿದ್ದಳು.

"ಅರೆ, ಸುಮ್ಕಿರಕ್ಕಾ! ನಿಮ್ಮೋಳು ಬಾಯ್ ಬುಟ್ರೆ ತೊಟ್ಲಲ್ಲಿರೋ ಮಗಾನೂ ಎದ್ಬುಡ್ತದೆ!" ಎಂದು ಆಚೆಯಿಂದ ಚಾಚಿ.

ಆದರೂ ಚಾಚಿಯ ಗಾಯಕಿಯ ಹಾಡು ಬಂತೆಂದರೆ ಅವ್ವ ಗೊಣಗುತ್ತಲೇ ಒಗ್ಗರಣೆ ಬಿಟ್ಟು ಬಂದು, ರೇಡಿಯೊವನ್ನು ಆ ಗೋಡೆಗೆ ಒತ್ತಿ ಇಟ್ಟು ಜೋರು ಮಾಡುತ್ತಿದ್ದಳು. ಆಚೆ ಲಟ್ಟಣಿಗೆಯ ಸದ್ದು ನಿಂತುಹೋಗುತ್ತಿತ್ತು.

ಹೋದ ರಂಜಾನಿನಲ್ಲಿ ಚಾಚಿ ತೀರಿಕೊಂಡಳು. ಆಚೆ ಮನೆಗೆ ಬೀಗ ಬಿದ್ದಿದೆ.

ಅಡುಗೆಕೋಣೆಗೆ ಹೋಗಿ ಗಾಯಕಿಯ ಸುದ್ದಿ ಹೇಳಿದಾಗ ಅವ್ವ ಸೊಪ್ಪು ಬಿಡಿಸುತ್ತಿದ್ದಳು. ಸೊಪ್ಪನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಅವಳ್ದೊಂದು ಹಾಡು ಆಕ್ಲಾ," ಅಂದಳು.

ಹಾಕಿದೆ. ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಎದ್ದು ಹೋಗಿ ಅದೇ ಗೋಡೆಗೆ ಒತ್ತಿ ಹಿಡಿದಳು.

"ಇನ್ನೊಂಚೂರು ಜೋರು ಮಾಡು ಕಣ್ಲಾ."