ಸ್ಪೀಕರ್ ಆರಿಸಿದ ಶನಿವಾರಗಳು

ನನ್ನ ತಮ್ಮ ಸಿರುಗುಪ್ಪದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ ಮೋಟರು ಸುಟ್ಟರೆ ಅವನ ಹತ್ತಿರವೇ ಬರುತ್ತಿತ್ತು. ಓಡುತ್ತಿರುವ ಮೋಟರಿನ ಪಕ್ಕ ನಿಂತು, ಕಣ್ಣು ಮುಚ್ಚಿ, ಬೇರಿಂಗ್ ಸವೆದಿದೆಯೋ ತಂತಿ ಸುಟ್ಟಿದೆಯೋ ಎಂದು ಸದ್ದಿನಿಂದಲೇ ಹೇಳುತ್ತಿದ್ದ. ನಾನು ಅವನಿಗಿಂತ ಏಳು ವರ್ಷ ದೊಡ್ಡವಳು, ಕುರುಗೋಡಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಅಪ್ಪ ಅವ್ವ ಇಲ್ಲ. ನನಗೆ ತವರು ಎಂದರೆ ಅವನು ಮತ್ತು ಅವನ ಹೆಂಡತಿ. ಅವರಿಗೆ ಮಕ್ಕಳಾಗಿರಲಿಲ್ಲ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವನ ಎರಡೂ ಕಿಡ್ನಿ ಕೆಟ್ಟವು. ಬಿ.ಪಿ. ಇದ್ದದ್ದು ಅವನಿಗೇ ಗೊತ್ತಿರಲಿಲ್ಲ. ಕಾಲು ಬಾತು, ಚಪ್ಪಲಿ ಹಿಡಿಸದಂತಾದ ಮೇಲೆ ಬಳ್ಳಾರಿಗೆ ತೋರಿಸಲು ಹೋದ. ಅಂದಿನಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ ಅವನ ಜೊತೆ ಹೆಂಡತಿ ಬರುತ್ತಿದ್ದಳು. ಶನಿವಾರ ನನ್ನ ಪಾಳಿ. ಬೆಳಗಿನ ಶಾಲೆ ಮುಗಿಸಿ ಬಸ್ಸು ಹಿಡಿದರೆ ಅವನ ನಾಲ್ಕು ತಾಸು ಮುಗಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿರುತ್ತಿದ್ದೆ.

ಮನೆಯವರಲ್ಲಿ ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಒಳ್ಳೆಯದು ಎಂದರು ಡಾಕ್ಟರಮ್ಮ. ಹೆಂಡತಿಯ ರಕ್ತದ ಗುಂಪು ಕೂಡಲಿಲ್ಲ. ನನ್ನದು ಕೂಡಿತು. ಮೊದಲ ಪರೀಕ್ಷೆಗಳೂ ಚೆನ್ನಾಗಿ ಬಂದವು. ಉಳಿದವಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿದ ಮೇಲೆ ಪೇಪರ್ ತಿದ್ದುವ ಡ್ಯೂಟಿ ಮುಗಿಯಲಿ ಎಂದೆ. ಅದೂ ಮುಗಿದ ಮೇಲೆ, ಹೇಳಲು ಏನೂ ಉಳಿಯದೆ, ತಮ್ಮನ ಹೆಂಡತಿಯ ಮುಂದೆ ಒಂದು ಸುಳ್ಳು ಹೇಳಿದೆ: "ನಮ್ಮ ಮನಿಯವರು ಇನ್ನೂ ಮನಸ್ಸು ಮಾಡವಲ್ರವಾ."

ನನ್ನ ಗಂಡ ಹೇಳಿದ್ದು ಬೇರೆಯೇ ಇತ್ತು. "ನಿನ್ನ ತಮ್ಮ, ನಿನ್ನ ಮೈ. ನೀ ಹೂಂ ಅಂದ್ರ ನಾ ರಜಾ ಹಾಕಿ ನಿನ್ನ ಜೋಡಿ ಬರ್ತೀನಿ" ಎಂದಿದ್ದರು.

ಹೆದರಿದವಳು ನಾನು. ನಮ್ಮವ್ವ ಗರ್ಭಕೋಶದ ಆಪರೇಷನ್ನಿಗೆಂದು ನಡೆದುಕೊಂಡೇ ಒಳಗೆ ಹೋದವಳು ಹೊರಗೆ ಬರಲಿಲ್ಲ. ಕಾಗದಕ್ಕೆ ಸಹಿ ಹಾಕಿದವಳು ನಾನು. ಆಮೇಲೆ ಆಪರೇಷನ್ ಥಿಯೇಟರಿನ ಬಾಗಿಲು ಕಂಡರೂ ನನ್ನ ಅಂಗೈ ಬೆವರುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಯಾರೂ ಬೈಯುತ್ತಿರಲಿಲ್ಲವೇನೋ. ಹೇಳಲಿಲ್ಲ.

ಒಂದು ಶನಿವಾರ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ತಮ್ಮನೇ ಮಾತು ತೆಗೆದ.

"ಅಕ್ಕಾ, ಡಾಕ್ಟರಮ್ಮಗ ಹೇಳೇನಿ, ನಮ್ಮಕ್ಕಂದು ಬ್ಯಾಡ ಅಂತ. ಸತ್ತವರ ಕಿಡ್ನಿ ಕೊಡೋ ಲಿಸ್ಟಿನಾಗ ಹೆಸರು ಬರಸೇನಿ. ಯಾರದರ ಬಂದ್ರ ಬರ್ತೈತಿ."

"ಹಂಗ್ಯಾಕ ಹೇಳಿದಿ? ನಾ ಏನು ಒಲ್ಲೆ ಅಂದೀನೇನು?"

"ಅಂದಿಲ್ಲ ಬಿಡು. ಈಗ ಸೀದಾ ಬಸ್‌ಸ್ಟ್ಯಾಂಡಿಗೆ ಬ್ಯಾಡ. ಒಂದು ಅಂಗಡಿಗೆ ಹೋಗೂದೈತಿ. ನನಗ ಒಂದು ಛಲೋ ಸ್ಟೀರಿಯೋ ಬೇಕು. ಆರಸಾಕ ನಿನ್ನ ಕಿವಿ ಬೇಕು."

ನಾನು ಅವನ ಮುಖ ನೋಡಿದೆ. ಅವನು ನಕ್ಕ. "ನೀರು ಕುಡ್ಯಂಗಿಲ್ಲ, ಉಪ್ಪು ತಿನ್ನಂಗಿಲ್ಲ, ಬಾಳೆಹಣ್ಣು ಮುಟ್ಟಂಗಿಲ್ಲ. ಹಾಡು ಕೇಳಬ್ಯಾಡ ಅಂತ ಮಾತ್ರ ಯಾವ ಡಾಕ್ಟರೂ ಹೇಳಿಲ್ಲ" ಎಂದ.

ಅಂಗಡಿ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಆ ಮೆಟ್ಟಿಲು ಹತ್ತುವಾಗ ಅವನು ಎರಡು ಕಡೆ ನಿಂತ. ಅಂಗಡಿಯವರು ವಯಸ್ಸಾದ ಸಾಬರು, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಗಣಿ ಜೋರಾಗಿದ್ದ ಕಾಲದಲ್ಲಿ ದೊಡ್ಡ ದೊಡ್ಡ ಮನೆಗಳಿಗೆ ಹೊರದೇಶದ ಸ್ಪೀಕರು, ಆಂಪ್ಲಿಫೈಯರು ತರಿಸಿ ಕೂಡಿಸಿಕೊಟ್ಟಿದ್ದರಂತೆ. ಈಗ ಗಿರಾಕಿ ಕಡಿಮೆ. ಒಳಗಿನ ಕೋಣೆಯಲ್ಲಿ ದಪ್ಪ ಪರದೆ, ನೆಲಕ್ಕೆ ಜಮಖಾನ, ಎರಡು ಕುರ್ಚಿ. ನಮ್ಮನ್ನು ಕೂರಿಸಿ ಮೊದಲು ಕೇಳಿದ್ದು ನಮ್ಮ ಕೋಣೆಯ ಅಳತೆಯನ್ನು.

"ಹತ್ತು ಬೈ ಹನ್ನೆರಡಾ? ಹಂಗಾರ ಈ ಎತ್ತರದ ಜೋಡಿ ನಿಮಗ ಬ್ಯಾಡ ಅಮ್ಮಾರ. ಸಣ್ಣ ಖೋಲ್ಯಾಗ ಬೇಸಿನ ದಪ್ಪ ಸದ್ದು ಗ್ವಾಡಿಗಿ ಬಡದು ಗುಂಯ್ ಅಂತೈತಿ. ಬೇಕಾದ್ರ ಕೇಳಿ ನೋಡ್ರಿ."

ಆಳೆತ್ತರದ ಆ ಸ್ಪೀಕರುಗಳನ್ನೇ ಮೊದಲು ಕೇಳಿದೆವು. ಎದೆ ಝಲ್ಲೆಂದಿತು. ಆಮೇಲೆ ಸ್ಟ್ಯಾಂಡಿನ ಮೇಲಿಟ್ಟ ಸಣ್ಣ ಪೆಟ್ಟಿಗೆಗಳ ಎರಡು ಜೋಡಿ. ಒಂದೇ ತತ್ವಪದವನ್ನು ಮೂರರಲ್ಲೂ ಹಾಕಿದರು. ಎರಡನೆಯದರಲ್ಲಿ ತಾಳದ ಸದ್ದು ಗಾಜಿನ ಚೂರಿನಂತೆ ಚುಚ್ಚಿತು. ಮೂರನೆಯದು ಮೊದಲು ಸಪ್ಪೆ ಅನ್ನಿಸಿತು.

"ಹಾಡು ಕೇಳಬ್ಯಾಡ್ರಿ. ಹಾಡೋರು ಉಸುರು ತಗೊಳ್ಳೋದು ಕೇಳ್ರಿ" ಎಂದರು ಸಾಬರು.

ಮತ್ತೆ ಹಾಕಿದರು. ಎರಡು ಸಾಲುಗಳ ನಡುವೆ ಗಾಯಕಿ ಮೂಗಿನಿಂದ ಸಣ್ಣಗೆ ಉಸಿರೆಳೆದುಕೊಂಡದ್ದು ನಮ್ಮ ಮುಂದೆಯೇ ಕುಳಿತಂತೆ ಕೇಳಿತು. ತಮ್ಮ ನನ್ನ ಕಡೆ ತಿರುಗಿದ. "ನೀ ಹೇಳಕ್ಕಾ. ನೀ ಅಂದಿದ್ದು ತಗೋತೀನಿ."

ನಾನು ಅವತ್ತು ಹೇಳಲಾರದೆ ಹೋದೆ. ಮುಂದಿನ ಶನಿವಾರವೂ ಹೇಳಲಿಲ್ಲ. ಸಾಬರು ಚಹಾ ತರಿಸುವರು. ತಮ್ಮ ತನ್ನ ಲೋಟದಲ್ಲಿ ಎರಡು ಗುಟುಕು ಕುಡಿದು ಉಳಿದದ್ದನ್ನು ನನ್ನ ಲೋಟಕ್ಕೆ ಸುರುವುವನು. ಮೂರನೆಯ ಶನಿವಾರ ಆ ಸಪ್ಪೆ ಎನ್ನಿಸಿದ್ದ ಜೋಡಿಯನ್ನೇ ಆರಿಸಿದೆ. ಅವನು ಅಲ್ಲೇ ದುಡ್ಡು ಎಣಿಸಿ ಕೊಟ್ಟ.

ಅದು ಆಪರೇಷನ್ನಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲು ಎಂದು ನನಗೆ ಗೊತ್ತಾದದ್ದು ಸ್ಪೀಕರು ಸಿರುಗುಪ್ಪಕ್ಕೆ ಬಂದ ದಿನ. ಸದ್ಯಕ್ಕೆ ಅವನ ಹಳೆಯ ಆಂಪ್ಲಿಫೈಯರಿಗೆ ಜೋಡಿಸಬೇಕೆಂದಿದ್ದೆವು. ಅವನು ವೈರು ತರಲು ಅಂಗಡಿಗೆ ಹೋಗಿದ್ದಾಗ ಅವನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅವಳು ಎಂದೂ ನನಗೆ ಎದುರಾಡಿದವಳಲ್ಲ.

"ಕಿಡ್ನಿ ಕೇಳಿದ್ರ ಸ್ಪೀಕರ್ ಕೊಡಿಸಿದ್ರಲ್ಲಾ ಅಕ್ಕಾರ" ಎಂದಳು. ದನಿ ಏರಿಸಲಿಲ್ಲ. ಹೇಳಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ನಾನು ಊಟ ಮಾಡದೆ ಹೊರಟೆ. ಬಸ್ಸು ಸಿರಿಗೇರಿ ಕ್ರಾಸ್ ದಾಟುವವರೆಗೂ ಸೆರಗು ಬಾಯಿಗೊತ್ತಿಕೊಂಡು ಕುಳಿತಿದ್ದೆ. ಮಗ್ಗುಲಿಗಿದ್ದ ಮುದುಕಿ "ಯಾರಾದ್ರೂ ತೀರಿಕೊಂಡ್ರೇನವಾ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ.

ಸೋಮವಾರ ಶಾಲೆಗೆ ರಜೆ ಹಾಕಿ, ಯಾರಿಗೂ ಹೇಳದೆ, ಬಳ್ಳಾರಿಗೆ ಹೋಗಿ ಡಾಕ್ಟರಮ್ಮನ ಮುಂದೆ ಕುಳಿತೆ. "ನಾನು ಕೊಡುತ್ತೇನೆ" ಎಂದೆ. ಅವರು ತಮ್ಮನ ಫೈಲು ತೆಗೆದು ಬಹಳ ಹೊತ್ತು ನೋಡಿದರು. ಹೋದ ತಿಂಗಳ ಪರೀಕ್ಷೆಯಲ್ಲಿ ಅವನ ಹೃದಯ ತೀರ ದುರ್ಬಲವಾಗಿದೆ ಎಂದು ಬಂದಿತ್ತು. ಈಗ ಅಷ್ಟು ದೊಡ್ಡ ಆಪರೇಷನ್ ಅವನು ತಡೆಯಲಾರ ಎಂದರು. "ಮೊದಲೇ ಆಗಿದ್ದರೆ?" ಎಂದು ಕೇಳಿದೆ. "ಹಾಗೆಲ್ಲ ಲೆಕ್ಕ ಹಾಕಬೇಡಿ" ಎಂದರು. ನಾನು ಲೆಕ್ಕದ ಟೀಚರು ಎಂದು ಅವರಿಗೆ ಗೊತ್ತಿರಲಿಲ್ಲ.

ಶನಿವಾರ ತಮ್ಮನಿಗೆ ಹೇಳಿದೆ. ಅವನ ತೋಳಿನ ಸೂಜಿ ತೆಗೆದು ನರ್ಸಮ್ಮ ಹತ್ತಿ ಒತ್ತಿಕೊಟ್ಟಿದ್ದಳು. ಅದನ್ನು ಒತ್ತಿ ಹಿಡಿದೇ ಕೇಳಿದ.

"ಹೋಗಿ ಕೇಳಿ ಬಂದಿ?"

"ಹೂಂ."

"ಒಬ್ಬಾಕೀನ?"

"ಹೂಂ."

ಅವನ ಕಣ್ಣು ತುಂಬಿ ಬಂದವು. ಹತ್ತಿ ಹಿಡಿದ ಕೈಯಲ್ಲಿ ಒರೆಸಿಕೊಳ್ಳಲು ಹೋಗಿ ಬಿಟ್ಟ. "ಮುಗದ ಮಾತದು. ನಡಿ, ಆಂಪ್ಲಿಫೈಯರ್ ನೋಡೂನು" ಎಂದ.

ಸಾಬರು ಅವತ್ತು ಎರಡು ಹಚ್ಚಿಟ್ಟಿದ್ದರು. ಒಂದು ವಾಲ್ವಿನದು, ಹಳೆಯ ರೇಡಿಯೋದೊಳಗಿನಂತೆ ಗಾಜಿನ ಬುರುಡೆಗಳು ಕೆಂಪಗೆ ಉರಿಯುವಂಥದ್ದು. ಇನ್ನೊಂದು ಟ್ರಾನ್ಸಿಸ್ಟರಿನದು, ನೋಡಲು ಬರೀ ಕಬ್ಬಿಣದ ಪೆಟ್ಟಿಗೆ. ವಾಲ್ವಿನದರಲ್ಲಿ ಹೆಣ್ಣುದನಿ ತುಪ್ಪ ಹಚ್ಚಿದಂತೆ ಬರುತ್ತಿತ್ತು. ಇದೇ ಇರಲಿ ಎಂದು ನಾನು ಈ ಸಲ ತಡಮಾಡದೆ ಹೇಳಿದೆ. ತಮ್ಮ ಅದರ ಮೇಲೆ ಅಂಗೈ ಹಿಡಿದು ನೋಡಿದ.

"ಸಿರುಗುಪ್ಪದ ಬ್ಯಾಸಗ್ಯಾಗ ಮನ್ಯಾಗ ಇನ್ನೊಂದು ಒಲಿ ಹಚ್ಚಿದಂಗ ಆಕ್ಕೈತಲ್ಲಕ್ಕಾ" ಎಂದು ನಕ್ಕ. ಆಮೇಲೆ ಸಾಬರನ್ನು ಕೇಳಿದ, "ಈ ವಾಲ್ವ್ ಎಷ್ಟು ವರ್ಷ ಬರ್ತಾವ್ರಿ?"

"ಐದಾರು ವರ್ಷ ಅಡ್ಡಿಯಿಲ್ಲಪಾ. ಆಮ್ಯಾಲೆ ಬದಲಾಸಬೇಕು."

ಸಾಬರು ವಾಲ್ಯೂಮು ಕಡಿಮೆ ಮಾಡಿದರು.

"ನನಗೇನೋ ಅಷ್ಟು ಬೇಕಾದಷ್ಟಾತು" ಎಂದ ತಮ್ಮ. "ಆದ್ರ ನಮ್ಮಾಕಿ ಆಮ್ಯಾಲೆ ವಾಲ್ವ್ ಹುಡುಕ್ಕೊಂತ ಎಲ್ಲೆಲ್ಲಿ ತಿರಗಬೇಕು? ಆ ಪೆಟಿಗೀನ ಕೊಡ್ರಿ."

ಟ್ರಾನ್ಸಿಸ್ಟರಿನದನ್ನೇ ಕೊಂಡೆವು. ಸಾಬರೇ ಒಂದು ಭಾನುವಾರ ಸಿರುಗುಪ್ಪಕ್ಕೆ ಬಂದು, ನೂಲು ಹಿಡಿದು ಅಳೆದು, ಸ್ಪೀಕರುಗಳನ್ನು ಗೋಡೆಯಿಂದ ಎಷ್ಟು ದೂರ ಇಡಬೇಕೋ ಅಷ್ಟು ದೂರದಲ್ಲಿಟ್ಟು, ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಹೋದರು. ಅವನು ನಾಲ್ಕು ತಿಂಗಳು ಕೇಳಿದ. ಬೆಳಿಗ್ಗೆ ಕೊಳಲು, ಮಧ್ಯಾಹ್ನ ಹಳೆಯ ಸಿನಿಮಾ ಹಾಡು. ಹೆಂಡತಿ ಮೊದಮೊದಲು ಆ ಕೋಣೆಗೇ ಬರುತ್ತಿರಲಿಲ್ಲವಂತೆ. ಆಮೇಲೆ ಹೊಸ್ತಿಲ ಮೇಲೆ ಕುಳಿತು ಅಕ್ಕಿ ಆರಿಸತೊಡಗಿದಳಂತೆ. ಒಂದು ಗುರುವಾರ ಬೆಳಿಗ್ಗೆ ಬಚ್ಚಲಲ್ಲಿ ಕುಸಿದ. ಬಳ್ಳಾರಿಗೆ ಒಯ್ಯುವಾಗ ದಾರಿಯಲ್ಲೇ ಹೋದ.

ಮಣ್ಣು ಮಾಡಿದ ದಿನ ತಮ್ಮನ ಹೆಂಡತಿಯ ಕಡೆಯ ಹಿರಿಯನೊಬ್ಬ ಎಲ್ಲರೆದುರು ನನ್ನ ಗಂಡನಿಗೆ ಅಂದ: "ನೀವು ಹೂಂ ಅಂದಿದ್ರ ಹುಡುಗ ಉಳೀತಿದ್ದ ಸಾರ್." ನನ್ನ ಗಂಡ ಅವನನ್ನು ನೋಡಿದರು, ನನ್ನನ್ನು ನೋಡಿದರು, ತಲೆ ತಗ್ಗಿಸಿದರು. ನಾನೂ ಬಾಯಿ ಬಿಡಲಿಲ್ಲ. ಕುರುಗೋಡಿಗೆ ಬಂದು ಕಾಲು ತೊಳೆದ ಮೇಲೆ ಅವರು ಒಂದೇ ಮಾತು ಕೇಳಿದರು.

"ನಾ ಯಾವಾಗ ಬ್ಯಾಡ ಅಂದಿದ್ದೆ?"

ನಾನು ಒದ್ದೆ ಕಾಲಲ್ಲೇ ಅಡುಗೆಮನೆಗೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಜಗಳವಾಡಿದ್ದರೆ ಹಗುರಾಗುತ್ತಿತ್ತು. ಒಂದೂವರೆ ತಿಂಗಳು ಅವರು ನನ್ನೊಡನೆ ಅಕ್ಕಿ, ಬೇಳೆ, ಕರೆಂಟು ಬಿಲ್ಲು, ಇಷ್ಟನ್ನೇ ಮಾತಾಡಿದರು.

ಕೊನೆಗೆ ನಾನೊಬ್ಬಳೇ ಸಿರುಗುಪ್ಪಕ್ಕೆ ಹೋದೆ. ಅವಳು ವೈಂಡಿಂಗ್ ಅಂಗಡಿಯನ್ನು ಒಬ್ಬ ಕೆಲಸಗಾರನಿಗೆ ಬಾಡಿಗೆಗೆ ಕೊಟ್ಟಿದ್ದಳು. ನೀರು ತಂದುಕೊಟ್ಟಳು. ನಿಂತುಕೊಂಡೇ ಹೇಳಿದೆ.

"ನಮ್ಮ ಮನಿಯವರು ಎಂದೂ ಬ್ಯಾಡ ಅನಲಿಲ್ಲವಾ. ಅಂಜಿದಾಕಿ ನಾನು. ನಾ ಸುಳ್ಳು ಹೇಳಿದ್ದೆ."

ಅವಳು ನನ್ನ ಕೈಯಿಂದ ಖಾಲಿ ಚೊಂಬು ತೆಗೆದುಕೊಂಡಳು.

"ಗೊತ್ತಿತ್ತು ಅಕ್ಕಾರ. ನಮ್ಮ ಮನಿಯವರೇ ಹೇಳಿದ್ರು. ನಮ್ಮವ್ವ ಹೋದಾಗಿಂದ ಅಕ್ಕಗ ಆಪರೇಷನ್ ಅಂದ್ರ ಜೀವ ಹೋಗತೈತಿ, ನೀ ಏನೂ ಅನಬ್ಯಾಡ ಅಂದಿದ್ರು. ಆದ್ರೂ ಸ್ಪೀಕರ್ ಬಂದ ದಿನ ನಾ ಅಂದೆ."

"ನೀ ಅಂದಿದ್ದು ಖರೇನ ಐತಿ."

"ಖರೇ ಇದ್ದದ್ದೆಲ್ಲಾ ಅನಬೇಕಂತೇನೈತ್ರಿ" ಎಂದಳು. ಚೊಂಬು ಕೆಳಗಿಟ್ಟು ಮತ್ತೆ ಹೇಳಿದಳು, "ಅಣ್ಣಾರನ ಒಂದಿನ ಕರಕೊಂಡು ಬರ್ರಿ. ನಮ್ಮ ಮಂದಿ ಅವರಿಗೆ ಅಂದದ್ದಕ್ಕ ನಾ ತಪ್ಪಾತು ಅನಬೇಕು."

ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಮುಂದಿನ ಭಾನುವಾರ ನನ್ನ ಗಂಡನನ್ನು ಕರೆದುಕೊಂಡು ಹೋದೆ. ಅವಳು ಅವರ ಕಾಲು ಮುಟ್ಟಲು ಬಗ್ಗಿದಾಗ ಅವರು ಗಾಬರಿಯಾಗಿ ಹಿಂದೆ ಸರಿದರು. ಮೂವರೂ ಕೂತು ರೊಟ್ಟಿ, ಪುಂಡಿಪಲ್ಯ ಉಂಡೆವು. ಅವಳ ಪಲ್ಯದಲ್ಲಿ ಉಪ್ಪು ಕಡಿಮೆಯಿತ್ತು. ಅವನಿಗೆಂದು ಮಾಡಿ ಮಾಡಿ ರೂಢಿಯಾಗಿತ್ತು. ನಾವಿಬ್ಬರೂ ಉಪ್ಪು ಕೇಳದೆ ಹಾಗೆಯೇ ಉಂಡೆವು.